ಅಂಕಿತ ಯಾರದು?

ಒಬ್ಬನು ಮಾಡಿದ ವಾದ್ಯವನ್ನು ಇನ್ನೊಬ್ಬನು ನುಡಿಸುತ್ತಾನೆ. ಅದರ ಮೇಲೆ ಒಂದೇ ಒಂದು ಹೆಸರನ್ನು ಕೆತ್ತುವುದಾದರೆ ಅದು ಯಾರದಾಗಿರಬೇಕು? ಇದು ಅಂಗಡಿಯವರ ಪ್ರಶ್ನೆ, ತತ್ತ್ವಜಿಜ್ಞಾಸೆಗೆ ತಕ್ಕದ್ದಲ್ಲ ಎಂದು ಕೆಲವರಿಗೆ ತೋರೀತು. ನನಗೆ ಹಾಗೆ ತೋರುವುದಿಲ್ಲ. ವರ್ಷವರ್ಷವೂ ತರಗತಿಯಲ್ಲಿ ವಚನಕಾರರ ಅಂಕಿತಗಳನ್ನು ಪಾಠ ಹೇಳುವವನಿಗೆ, ಹೆಸರು ಹಾಕುವುದೆಂದರೆ ಏನು ಎಂಬ ಮಾತು ಯಾವ ಬೀದಿಯಲ್ಲಿ ಕೇಳಿಬಂದರೂ ಅದು ತನ್ನ ಮನೆಯ ಮಾತೆಂದೇ ಕಿವಿ ನಿಮಿರುತ್ತದೆ.

ನಮ್ಮಲ್ಲಿ ವಾದ್ಯದ ಹೆಸರು ಮನುಷ್ಯನಿಗೆ ಅಂಟಿಕೊಳ್ಳುವುದು ವಾಡಿಕೆ. ವೀಣೆ ಶೇಷಣ್ಣ, ಪಿಟೀಲು ಚೌಡಯ್ಯ—ವಾದ್ಯ ಮೊದಲು, ಮನುಷ್ಯ ಆಮೇಲೆ. ಅಮೆರಿಕದವರ ಪದ್ಧತಿ ಇದಕ್ಕೆ ತಲೆಕೆಳಗು. ಅಲ್ಲಿ ಮನುಷ್ಯನ ಹೆಸರು ವಾದ್ಯಕ್ಕೆ ಅಂಟುತ್ತದೆ. ಹೆಸರಾಂತ ವಾದಕನೊಬ್ಬನ ಕೈಯಳತೆಗೆ, ಕಿವಿಗೆ, ಕೆಲವೊಮ್ಮೆ ಅವನ ಚಟಗಳಿಗೂ ಒಪ್ಪುವಂತೆ ಒಂದು ಗಿಟಾರನ್ನು ರೂಪಿಸುತ್ತಾರೆ. ಅದರ ಮೇಲೆ ಅವನ ರುಜುವನ್ನು ಮೂಡಿಸುತ್ತಾರೆ. ಅದೇ ಅಚ್ಚಿನ ವಾದ್ಯಗಳನ್ನು ಊರೂರಿಗೆ ಮಾರುತ್ತಾರೆ. ಅವರು ಇದನ್ನು ‘ಸಿಗ್ನೇಚರ್’ ವಾದ್ಯವೆನ್ನುತ್ತಾರೆ. ನಾನು ಇಲ್ಲಿ ಅಂಕಿತವಾದ್ಯವೆಂದು ಕರೆಯುತ್ತೇನೆ. ಪಂಡಿತರು ಕ್ಷಮಿಸಬೇಕು.

ಅಂಕಿತವಾದ್ಯಗಳಲ್ಲಿ ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು ಬೇಸ್ ಗಿಟಾರು. ಮೇಳದಲ್ಲಿ ಅದರ ಪಾತ್ರ ನಮ್ಮ ಶ್ರುತಿಗೂ ಮೃದಂಗಕ್ಕೂ ನಡುವಿನದು; ಇದ್ದಾಗ ಯಾರೂ ಗಮನಿಸರು, ನಿಂತೊಡನೆ ಎಲ್ಲವೂ ಬರಿದಾಗುತ್ತದೆ. ಅದರ ಚರಿತ್ರೆ ತೀರ ಈಚಿನದು. ಮೊದಲು ಮಂದ್ರಸ್ವರಗಳಿಗೆಂದು ಆಳೆತ್ತರದ ಡಬಲ್ ಬೇಸನ್ನು ನೆಲದ ಮೇಲೆ ನಿಲ್ಲಿಸಿಕೊಂಡು ನುಡಿಸುತ್ತಿದ್ದರು. ಅದನ್ನು ಸಾಗಿಸುವುದು ಒಂದು ಕಷ್ಟ. ತುತ್ತೂರಿ ನಗಾರಿಗಳ ನಡುವೆ ಅದರ ದನಿಯನ್ನು ಕೇಳಿಸುವುದು ಇನ್ನೊಂದು ಕಷ್ಟ. ಕ್ಯಾಲಿಫೋರ್ನಿಯದ ಫುಲ್ಲರ್ಟನ್ ಊರಿನಲ್ಲಿ ರೇಡಿಯೋ ದುರಸ್ತಿಯ ಅಂಗಡಿಯಿಂದ ಬದುಕು ಕಟ್ಟಿಕೊಂಡ ಲಿಯೋ ಫೆಂಡರ್ 1951ರಲ್ಲಿ ಅದನ್ನು ಹೆಗಲಿಗೆ ತೂಗುಹಾಕಿಕೊಳ್ಳಬಹುದಾದ, ನಾಲ್ಕು ತಂತಿಯ ವಿದ್ಯುತ್ ವಾದ್ಯವಾಗಿ ಇಳಿಸಿದ. ದಂಡಿಯ ಮೇಲೆ ಲೋಹದ ಮೆಟ್ಟಿಲುಗಳಿದ್ದುದರಿಂದ ಬೆರಳು ಕೂದಲೆಳೆಯಷ್ಟು ಆಚೀಚೆಯಾದರೂ ಸ್ವರ ಕೆಡದು. ಆ ಕಾರಣಕ್ಕೇ ಅದಕ್ಕೆ ‘ಪ್ರಿಸಿಷನ್’, ಎಂದರೆ ಖಚಿತತೆ, ಎಂದು ಹೆಸರಿಟ್ಟ. ಸೋಜಿಗವೆಂದರೆ ಈ ಮಹಾಶಯನಿಗೆ ಗಿಟಾರು ನುಡಿಸಲು ಬರುತ್ತಿರಲಿಲ್ಲ. ಊರಿನ ವಾದಕರ ಕೈಗೆ ವಾದ್ಯವನ್ನು ಕೊಟ್ಟು, ಅವರು ಹೇಳಿದ್ದನ್ನು ಕೇಳಿ, ಮತ್ತೆ ತಿದ್ದುತ್ತಿದ್ದ. ಈಜು ಬಾರದವನು ದೋಣಿ ಕಟ್ಟಿದಂತೆ. ಆದರೆ ದೋಣಿ ತೇಲಿತು, ಇಂದಿಗೂ ತೇಲುತ್ತಿದೆ.

ಇಲ್ಲಿಯೇ ನಮ್ಮ ಪ್ರಶ್ನೆಯ ಮೊದಲ ಗಂಟು. ಮಾಡುವವನಿಗೆ ನುಡಿಸಲು ಬಾರದು. ನುಡಿಸುವವನಿಗೆ ಮಾಡಲು ಬಾರದು. ಒಬ್ಬನ ಕೊರತೆಯನ್ನು ಇನ್ನೊಬ್ಬನು ತುಂಬಿದಾಗ ಹುಟ್ಟಿದ ವಸ್ತು ಯಾರದು?

ನ್ಯೂಯಾರ್ಕಿನ ಆಂಟನಿ ಜಾಕ್ಸನ್ ಎಂಬ ವಾದಕನ ಸಂಗತಿಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಅವನು ಹುಟ್ಟಿದ್ದು 1952ರಲ್ಲಿ. ಬೇಸ್ ಗಿಟಾರಿಗಿಂತ ಒಂದೇ ವರ್ಷ ಚಿಕ್ಕವನು. ಇಪ್ಪತ್ತು ದಾಟುವ ಹೊತ್ತಿಗೆ ಅವನಿಗೊಂದು ಹಟ ಹಿಡಿಯಿತು. ಬೇಸಿಗೆ ನಾಲ್ಕೇ ತಂತಿ ಏಕೆ? ಹಳೆಯ ಡಬಲ್ ಬೇಸಿಗೆ ನಾಲ್ಕು ಇದ್ದುವೆಂದು ತಾನೆ? ಈ ವಾದ್ಯವಾದರೋ ರೂಪದಲ್ಲಿ, ಹಿಡಿಯುವ ಬಗೆಯಲ್ಲಿ, ನುಡಿಸುವ ರೀತಿಯಲ್ಲಿ ಗಿಟಾರಿನ ಕುಲಕ್ಕೆ ಸೇರಿದ್ದು. ಗಿಟಾರಿಗೆ ಆರು ತಂತಿ. ಆದ್ದರಿಂದ ಇದಕ್ಕೂ ಆರೇ ಇರತಕ್ಕದ್ದು. ಕೆಳಗೊಂದು, ಮೇಲೊಂದು ತಂತಿ ಕೂಡಬೇಕು. ಅವನು ಇದನ್ನು ‘ಕಾಂಟ್ರಾಬೇಸ್ ಗಿಟಾರ್’ ಎಂದೇ ಕರೆದ. ತರ್ಕಶುದ್ಧವಾದ ಮಾತು. ನಮ್ಮ ಹಳೆಯ ವೈಯಾಕರಣಿಗಳು ಮೆಚ್ಚಿಕೊಳ್ಳುವಂಥದು.

ಆದರೆ ತರ್ಕವನ್ನು ಮರದಲ್ಲಿ ಕೆತ್ತುವವರು ಯಾರು? ಬ್ರೂಕ್ಲಿನ್ನಿನ ಕಾರ್ಲ್ ಥಾಂಪ್ಸನ್ ಎಂಬ ಕುಶಲಕರ್ಮಿ ಕೆತ್ತಿಕೊಟ್ಟ. 1975ರ ಹೊತ್ತಿಗೆ ಮೊದಲ ಆರು ತಂತಿಯ ಬೇಸ್ ಸಿದ್ಧವಾಯಿತು. ಜಾಕ್ಸನ್ನನಿಗೆ ತೃಪ್ತಿಯಾಗಲಿಲ್ಲ, ತಂತಿತಂತಿಗಳ ನಡುವೆ ಬೆರಳಿಗೆ ಎಡೆ ಸಾಲದಾಯಿತು. ಎಡೆ ಹೆಚ್ಚಿಸಿದರೆ ದಂಡಿ ಅಗಲವಾಗುತ್ತದೆ. ಅಗಲವಾದರೆ ಎಡಗೈ ಹೆಬ್ಬೆರಳು ಸೋಲುತ್ತದೆ, ತೂಕ ಏರುತ್ತದೆ, ದಂಡಿಯ ತುದಿ ನೆಲಕ್ಕೆ ಜಗ್ಗುತ್ತದೆ. ಇನ್ನು ಕೆಳಗಿನ ಹೊಸ ತಂತಿ. ಮಾಮೂಲಿ ಬೇಸಿನ ಅತಿ ಮಂದ್ರದ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸಿದರೆ ಇದು ಸುಮಾರು 31 ಸಲ ಕಂಪಿಸಬೇಕು. ಅಷ್ಟು ತಗ್ಗಿದ ಶ್ರುತಿಯಲ್ಲಿ ತಂತಿ ಸಡಿಲಬಿದ್ದು ಬಟ್ಟೆ ಒಣಹಾಕುವ ಹಗ್ಗದಂತೆ ತೂಗಾಡುತ್ತದೆ, ಸ್ವರ ಮಸುಕಾಗುತ್ತದೆ. ಬಿಗಿ ಬರಬೇಕಾದರೆ ತಂತಿಯ ಉದ್ದ ಹೆಚ್ಚಬೇಕು. ಉದ್ದ ಹೆಚ್ಚಿದರೆ ಮೆಟ್ಟಿಲುಗಳ ನಡುವಿನ ದೂರವೂ ಹೆಚ್ಚಿ ಬೆರಳುಗಳು ಇನ್ನಷ್ಟು ಚಾಚಬೇಕು. ಫೆಂಡರನ 34 ಅಂಗುಲದ ಅಳತೆ ಕೊನೆಗೆ ಜಾಕ್ಸನ್ನನ ವಾದ್ಯದಲ್ಲಿ 36 ಅಂಗುಲವಾಯಿತು. ನೋಡಿ, ಎರಡು ಅಂಗುಲ! ಈ ಎರಡು ಅಂಗುಲಕ್ಕೆ ಎಷ್ಟು ವರ್ಷ ಬೇಕಾದುವು! ಥಾಂಪ್ಸನ್ನನ ತರುವಾಯ ಕೆನ್ ಸ್ಮಿತ್. 1980ರ ದಶಕದಲ್ಲಿ ಬ್ರೂಕ್ಲಿನ್ನಿನ ಫೋಡೆರಾ ಕಾರ್ಖಾನೆ. ಒಂದು ಮಾಡಿದರು, ಜಾಕ್ಸನ್ ದೋಷ ಹೇಳಿದ. ಇನ್ನೊಂದು ಮಾಡಿದರು, ಮತ್ತೆ ದೋಷ ಹೇಳಿದ. ವಾದ್ಯದ ದೇಹ ದಂಡಿಯನ್ನು ಇನ್ನಷ್ಟು ದೂರ ತಬ್ಬಿಕೊಂಡು ಗಟ್ಟಿಯಾಗಿ ನಿಲ್ಲಲೆಂದು ದೇಹವನ್ನು ಒಂದೇ ಪಕ್ಕದಲ್ಲಿ ಕೊರೆಯುವ ಹೊಸ ಆಕಾರವೂ ಈ ತಿಕ್ಕಾಟದಲ್ಲಿಯೇ ಹುಟ್ಟಿತು. ಅವನು ಅದನ್ನು ನಿಂತು ನುಡಿಸುತ್ತಿರಲಿಲ್ಲ, ಕುಳಿತೇ ನುಡಿಸುತ್ತಿದ್ದ.

ಈ ಮೇಳದಲ್ಲಿ ಕರ್ತೃ ಯಾರೆಂದು ನ್ಯಾಯಸ್ಥಾನದಲ್ಲಿ ಕೇಳಿದರೆ ವಕೀಲರು ಏನಾದರೂ ಹೇಳಿಯಾರು. ನನಗನ್ನಿಸುವುದು ಇಷ್ಟು: ಜಾಕ್ಸನ್ ಆಡಿದ್ದು ನೋವಿನ ಭಾಷೆ. ಇಲ್ಲಿ ಬೆರಳು ಸಿಕ್ಕಿಕೊಳ್ಳುತ್ತದೆ, ಇಲ್ಲಿ ಸ್ವರ ಸಾಯುತ್ತದೆ, ಇಲ್ಲಿ ಮಣಿಕಟ್ಟು ನೋಯುತ್ತದೆ. ಕಾರ್ಖಾನೆಯವರು ಅದನ್ನು ಅಂಗುಲದ ಭಾಷೆಗೆ, ಮರದ ಭಾಷೆಗೆ ತಿರುಗಿಸಿದರು. ಭಾಷಾಂತರದ ಕೆಲಸ ಮಾಡಿದವರಿಗೆ ಇದರ ಕಷ್ಟ ಗೊತ್ತು. ಮೂಲವೂ ಇಲ್ಲದೆ ಆಗದು, ಅನುವಾದಕನೂ ಇಲ್ಲದೆ ಆಗದು. ಆದರೆ ಮುಖಪುಟದ ಮೇಲಿನ ದೊಡ್ಡ ಅಕ್ಷರ ಒಬ್ಬರದೇ.

ಬೇಲೂರಿಗೆ ಹೋದವರು ಮದನಿಕೆಗಳನ್ನು ತಲೆಯೆತ್ತಿ ನೋಡುತ್ತಾರೆ. ಪಾದದ ಬಳಿಯ ಅಕ್ಷರಗಳನ್ನು ಎಷ್ಟು ಜನ ನೋಡುತ್ತಾರೋ ಕಾಣೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ತಾವು ಕೆತ್ತಿದ್ದಕ್ಕೆ ತಮ್ಮ ಹೆಸರನ್ನು ಹಾಕಿದ್ದಾರೆ. ಮುಂದಿನ ಶತಮಾನದಲ್ಲಿ ಮಲ್ಲಿತಮ್ಮ ಸೋಮನಾಥಪುರದಲ್ಲಿಯೂ ಇತರ ಗುಡಿಗಳಲ್ಲಿಯೂ ಮತ್ತೆಮತ್ತೆ ರುಜು ಹಾಕಿದ. ಕಟ್ಟಿಸಿದ ದೊರೆಯ ಹೆಸರು ಶಾಸನದಲ್ಲಿದೆ. ಕಡೆದವನ ಹೆಸರು ಕಲ್ಲಿನಲ್ಲಿಯೇ ಇದೆ. ಹೊಯ್ಸಳರ ಕಾಲದ ಈ ಔದಾರ್ಯ ನನ್ನನ್ನು ಪ್ರತಿಸಲವೂ ಬೆರಗುಗೊಳಿಸುತ್ತದೆ. ಇನ್ನೂ ಬೆರಗಿನ ಸಂಗತಿಯೆಂದರೆ, ಜನದ ಬಾಯಲ್ಲಿ ನಿಂತ ಹೆಸರು ಇವರಾರದೂ ಅಲ್ಲ, ಜಕಣಾಚಾರಿಯದು. ಅವನ ರುಜುವಾದರೋ ಆ ಗುಡಿಯ ಯಾವ ಶಿಲ್ಪದ ಕೆಳಗೂ ಇಲ್ಲ! ಹೆಸರು ಕೆತ್ತಿದವರನ್ನು ಮರೆತು, ಕೆತ್ತದವನ ಕಥೆ ಕಟ್ಟಿದೆವು. ಜನಕ್ಕೆ ಕಲ್ಲಿಗಿಂತ ಕಥೆ ಹಗುರವಾದ ಹೊರೆಯೇನೋ.

ಇರಲಿ. ಅಂಕಿತವಾದ್ಯದ ಮಾತಿಗೆ ಒಂದು ದೊಡ್ಡ ಆಕ್ಷೇಪಣೆ ಉಂಟು. ಇದೆಲ್ಲ ಬರಿಯ ಜಾಹೀರಾತು. ಹೆಸರನ್ನು ತೋರಿಸಿ ಮರವನ್ನು ಮಾರುವ ಉಪಾಯ. ಇದರಲ್ಲಿ ಧರ್ಮಾಧರ್ಮದ ವಿಚಾರವೇನು ಬಂತು, ಎಂದು. ಈ ಆಕ್ಷೇಪಣೆಯನ್ನು ನಾನೇ ಒಮ್ಮೆ ನನ್ನ ಅಕ್ಕನ ಮಗನ ಮುಂದೆ ಎತ್ತಿದೆ. ಅವನು ಬೆಂಗಳೂರಿನಲ್ಲಿ ಹಗಲು ಕಂಪ್ಯೂಟರ್ ಕೆಲಸ ಮಾಡಿ ಸಂಜೆ ಗೆಳೆಯರೊಡನೆ ಬೇಸ್ ನುಡಿಸುವವನು. ಎರಡು ವರ್ಷ ಹಣ ಕೂಡಿಟ್ಟು ಮಾರ್ಕಸ್ ಮಿಲ್ಲರನ ಹೆಸರಿನ ಬೇಸೊಂದನ್ನು ಕೊಂಡಿದ್ದ. ಆ ಹೆಸರಿನ ಹಿಂದೆಯೂ ಒಂದು ಮೆರವಣಿಗೆಯೇ ಇದೆ: ಮಿಲ್ಲರನ ಕೈಯಲ್ಲಿದ್ದದ್ದು ಫೆಂಡರ್ ಕಾರ್ಖಾನೆಯ 1977ರ ವಾದ್ಯ, ಅದರ ದನಿಯನ್ನು ತಿದ್ದಿಕೊಟ್ಟವನು ನ್ಯೂಯಾರ್ಕಿನ ರೋಜರ್ ಸಡೌಸ್ಕಿ, 1998ರಲ್ಲಿ ಅದರ ಮಾದರಿಯ ಮೇಲೆ ಮಿಲ್ಲರನ ಹೆಸರಿನ ವಾದ್ಯವನ್ನು ಫೆಂಡರಿನವರು ಹೊರತಂದರು, 2015ರಲ್ಲಿ ಸೈರ್ ಎಂಬ ಕೊರಿಯದ ಸಂಸ್ಥೆ ಅದೇ ಹೆಸರಿನಲ್ಲಿ ಅಗ್ಗದ ಬೆಲೆಯ ವಾದ್ಯಗಳನ್ನು ಇಂಡೊನೇಷ್ಯದಲ್ಲಿ ಮಾಡಿಸಿ ಮಾರತೊಡಗಿತು. “ಇದನ್ನು ಹೆಗಲಿಗೆ ಹಾಕಿಕೊಂಡರೆ ನೀನು ಅವನಂತೆ ನುಡಿಸುತ್ತೀಯೇನೋ?” ಎಂದು ಕೇಳಿದೆ.

“ಇಲ್ಲ ಮಾವ” ಎಂದ. “ನನಗೇನು ಅಷ್ಟು ತಿಳಿಯೋದಿಲ್ಲವೆ? ಆದರೆ ಅಂಗಡಿಯಲ್ಲಿ ನೂರು ಬೇಸ್ ಇರ್ತವೆ. ಯಾವುದು ಒಳ್ಳೇದು ಅಂತ ಹೇಳೋ ಕಿವಿ ನನಗಿನ್ನೂ ಬಂದಿಲ್ಲ. ಕಿವಿ ಇರೋರೊಬ್ಬರು ‘ಆಗಬಹುದು’ ಅಂದಿದ್ದಾರೆ. ಅದಕ್ಕೆ ದುಡ್ಡು ಕೊಟ್ಟೆ.”

ಹುಡುಗನ ಮಾತಿನಲ್ಲಿ ತಿರುಳಿತ್ತು. ರುಜು, ರುಜುವಾತು ಎರಡೂ ಒಂದೇ ಮನೆಯ ಮಾತುಗಳು; ಕಚೇರಿಗಳ ಮೂಲಕ ಕನ್ನಡಕ್ಕೆ ಬಂದವು. ರುಜು ಹಾಕುವವನು ತನ್ನದೆಂದು ಹೇಳುವುದಕ್ಕಿಂತ ಹೆಚ್ಚಾಗಿ ತಾನು ಸಾಕ್ಷಿಯೆಂದು ಹೇಳುತ್ತಾನೆ. ಸಾಲಪತ್ರದ ಕೆಳಗೆ ಸಾಕ್ಷಿ ರುಜು ಹಾಕಿದವನು ಸಾಲಗಾರನೂ ಅಲ್ಲ, ಸಾಹುಕಾರನೂ ಅಲ್ಲ. ‘ನಾನು ನೋಡಿದ್ದೇನೆ’ ಎಂಬುದಿಷ್ಟೇ ಅವನ ಮಾತು. ವಾದ್ಯದ ಮೇಲಿನ ವಾದಕನ ರುಜುವನ್ನು ಹೀಗೆ ಓದುವುದಾದರೆ ಕರ್ತೃತ್ವದ ಜಗಳ ಎಷ್ಟೋ ತಣ್ಣಗಾಗುತ್ತದೆ. ಮಾಡಿದವನು ಮಾಡಿದ, ನುಡಿಸಿದವನು ಸಾಕ್ಷಿ ನುಡಿದ.

ಆದರೆ ಸಾಕ್ಷಿಗೆ ಬೆಲೆ ಬರುವುದು ಯಾವಾಗ? ‘ಒಲ್ಲೆ’ ಎನ್ನುವ ಹಕ್ಕು ಅವನಿಗೆ ಇದ್ದಾಗ. ಮುಂದೆ ಇಟ್ಟದ್ದಕ್ಕೆಲ್ಲ ರುಜು ಹಾಕುವವನ ರುಜು ರುಜುವೆ? ಜಾಕ್ಸನ್ ಮತ್ತೆಮತ್ತೆ ದೋಷ ಹೇಳಿದನಲ್ಲ, ಅವನು ಕೊನೆಗೆ ‘ಆಗಬಹುದು’ ಎಂದ ಮಾತಿಗೆ ಬೆಲೆ ಬಂದದ್ದು ಆ ಹಿಂದಿನ ‘ಆಗದು’ಗಳಿಂದ. ಗಿಬ್ಸನ್ ಸಂಸ್ಥೆ 1952ರಲ್ಲಿ ಲೆಸ್ ಪಾಲ್ ಎಂಬ ವಾದಕನ ಹೆಸರಿನಲ್ಲಿ ಗಿಟಾರು ಹೊರತಂದಿತು. ಅದನ್ನು ರೂಪಿಸಿದ್ದು ಅವನೋ ಸಂಸ್ಥೆಯವರೋ ಎಂಬ ವಾದ ಇಂದಿಗೂ ಮುಗಿದಿಲ್ಲ. 1961ರಲ್ಲಿ ಸಂಸ್ಥೆಯವರು ಅದರ ಆಕಾರವನ್ನೇ ಬದಲಿಸಿ ಹೆಸರನ್ನು ಮಾತ್ರ ಉಳಿಸಿಕೊಂಡರು. ಲೆಸ್ ಪಾಲನಿಗೆ ಹೊಸ ಆಕಾರ ಹಿಡಿಸಲಿಲ್ಲ; ಒಪ್ಪಂದದ ಲೆಕ್ಕಾಚಾರಗಳೂ ನಡುವೆ ಇದ್ದುವು; ಅಂತೂ ಎರಡು ವರ್ಷಗಳಲ್ಲಿ ಅವನ ಹೆಸರು ಆ ಗಿಟಾರಿನಿಂದ ಇಳಿಯಿತು. ಅವನ ರುಜುವಿನ ಚರಿತ್ರೆಯಲ್ಲಿ ಎಲ್ಲಕ್ಕಿಂತ ಪ್ರಾಮಾಣಿಕವಾದ ಘಟ್ಟ ಹೆಸರು ಇಲ್ಲದೆಹೋದ ಆ ಕೆಲವು ವರ್ಷಗಳೇ ಎಂದು ನನಗೆ ತೋರುತ್ತದೆ.

ಲಿಯೋ ಫೆಂಡರನ ಪಾಡು ಬೇರೆ. ಅವನು 1965ರಲ್ಲಿ ತನ್ನ ಕಾರ್ಖಾನೆಯನ್ನು ಸಿಬಿಎಸ್ ಸಂಸ್ಥೆಗೆ ಒಂದು ಕೋಟಿ ಮೂವತ್ತು ಲಕ್ಷ ಡಾಲರಿಗೆ ಮಾರಿದ. ಕಾರ್ಖಾನೆಯೊಡನೆ ಹೆಸರೂ ಹೋಯಿತು. ಆಮೇಲೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಬದುಕಿದ್ದ, ಸುಮ್ಮನೆ ಕೂರದೆ ಹೊಸ ಹೊಸ ವಾದ್ಯಗಳನ್ನು ಮಾಡುತ್ತಲೇ ಇದ್ದ, 1991ರಲ್ಲಿ ತೀರಿಕೊಂಡ. ತಾನು ಮಾಡಿದ ಆ ವಾದ್ಯಗಳ ಮೇಲೆ ‘ಫೆಂಡರ್’ ಎಂದು ಬರೆಯುವ ಅಧಿಕಾರ ಅವನಿಗಿರಲಿಲ್ಲ. ಅವನ ಕೊನೆಯ ಕಾರ್ಖಾನೆಯ ಹೆಸರು ‘ಜಿ ಅಂಡ್ ಎಲ್’. ಆ ‘ಎಲ್’ ಲಿಯೋನ ಮೊದಲಕ್ಷರ. ಅವನು ಮುಟ್ಟದ ವಾದ್ಯಗಳ ಮೇಲೆ ಅವನ ಪೂರ್ತಿ ಹೆಸರು. ಅವನು ಮುಟ್ಟಿದವುಗಳ ಮೇಲೆ ಒಂದೇ ಅಕ್ಷರ. ಮನೆ ಮಾರಿದವನು ಅದರ ಎದುರಿನ ಬೀದಿಯಲ್ಲಿ ಬಾಡಿಗೆಗಿದ್ದಂತೆ. ಅವನಿಗೆ ಅನ್ಯಾಯವಾಯಿತೆಂದು ನಾನು ಹೇಳುತ್ತಿಲ್ಲ. ತಿಳಿದೇ ಮಾರಿದ, ಬೆಲೆ ಪಡೆದ. ಆದರೆ ಮನುಷ್ಯನು ತನ್ನ ಹೆಸರನ್ನು ಮಾರುವಾಗ ಅದರೊಡನೆ ‘ಆಗದು’ ಎನ್ನುವ ನಾಲಗೆಯನ್ನೂ ಮಾರುತ್ತಾನೆಂಬುದು ಕರಾರಿನಲ್ಲಿ ಬರೆದಿರುವುದಿಲ್ಲ.

ಜೀವಂತವಿದ್ದವರ ಮಾತು ಇದು. ಸತ್ತವರ ರುಜುವಿನ ಗತಿಯೇನು?

ಜಾಕೋ ಪಾಸ್ಟೋರಿಯಸ್ ಹುಟ್ಟಿದ್ದು 1951ರ ಡಿಸೆಂಬರಿನಲ್ಲಿ. ಬೆಳೆದದ್ದು ಫ್ಲಾರಿಡದ ಸಮುದ್ರದ ದಡದಲ್ಲಿ. ಅವನ ಹತ್ತಿರ ಇದ್ದದ್ದು 1962ರ ಹಳೆಯ ಫೆಂಡರ್ ಜಾಜ್ ಬೇಸ್. ಯಾವ ಮೆಟ್ಟಿಲುಗಳ ಸಲುವಾಗಿ ಫೆಂಡರ್ ತನ್ನ ಮೊದಲ ಬೇಸಿಗೆ ‘ಖಚಿತತೆ’ ಎಂಬ ಹೆಸರಿಟ್ಟಿದ್ದನೋ ಆ ಮೆಟ್ಟಿಲುಗಳೇ ಇದರಲ್ಲಿ ಇರಲಿಲ್ಲ. ಬೆಣ್ಣೆ ಸವರುವ ಚಾಕುವಿನಿಂದ ತಾನೇ ಕಿತ್ತೆನೆಂದು ಜಾಕೋ ಹೇಳುತ್ತಿದ್ದ. ಕೊಳ್ಳುವಾಗಲೇ ಕಿತ್ತಿದ್ದರೆಂದು ಇನ್ನೊಮ್ಮೆ ಹೇಳಿದ. ಕಿತ್ತ ಸಂದುಗಳನ್ನು ಮರದ ಲಪ್ಪದಿಂದ ತುಂಬಿ, ದೋಣಿಗಳಿಗೆ ಬಳಿಯುವ ಎಪಾಕ್ಸಿ ಎಂಬ ಗಟ್ಟಿ ಲೇಪವನ್ನು ಆ ಹಲಗೆಯ ಮೇಲೆ ಬಳಿದ. ಒರಟು ತಂತಿಗಳು ಮರವನ್ನು ತಿಂದುಹಾಕದಿರಲೆಂದು. ಆ ಲೇಪದಿಂದ ಆ ವಾದ್ಯಕ್ಕೆ ಮನುಷ್ಯನ ಕೊರಳಿನಂತೆ ಜಾರುವ, ಮೀಟಿದ ಮೇಲೂ ಹಾಡುವ ದನಿ ಬಂತು. ನಮ್ಮ ಗಮಕದ ರುಚಿ ಬಲ್ಲವರಿಗೆ ಅದು ಒಡನೆ ಪರಿಚಿತವೆನಿಸೀತು. 1976ರಲ್ಲಿ ಅವನ ಮೊದಲ ಧ್ವನಿಮುದ್ರಿಕೆ ಬಂದಾಗ ಅಮೆರಿಕದ ಬೇಸ್ ವಾದಕರು ಬೆಚ್ಚಿದರು. ಈ ವಾದ್ಯಕ್ಕೆ ವಿನ್ಯಾಸಕಾರನಿಲ್ಲ, ಕಾರ್ಖಾನೆಯ ನಕಾಶೆಯಿಲ್ಲ. ಕೊರತೆ, ಹಟ, ಕೈಗೆ ಸಿಕ್ಕ ದೋಣಿಯ ಬಣ್ಣ, ಇವು ಮೂರೇ ಅದರ ಕರ್ತೃಗಳು.

ಅವನ ಕೊನೆಯ ವರ್ಷಗಳು ದಾರುಣ. ಮನೋವ್ಯಾಧಿ ಬಡಿಯಿತು, ಕುಡಿತ ಹೆಚ್ಚಿತು, ಬೀದಿಯಲ್ಲಿ ಮಲಗುವ ಹಾಗಾಯಿತು. 1986ರಲ್ಲಿ ಆ ವಾದ್ಯ ನ್ಯೂಯಾರ್ಕಿನ ಉದ್ಯಾನವೊಂದರಲ್ಲಿ ಕಳುವಾಯಿತು. ಮರುವರ್ಷ ಸೆಪ್ಟೆಂಬರಿನಲ್ಲಿ ಫ್ಲಾರಿಡದ ಕ್ಲಬ್ಬೊಂದರ ಬಾಗಿಲಲ್ಲಿ ತಿಂದ ಪೆಟ್ಟಿನಿಂದ ಅವನು ಸತ್ತ, ಮೂವತ್ತೈದು ವರ್ಷ. 1999ರಲ್ಲಿ ಫೆಂಡರ್ ಸಂಸ್ಥೆ ಜಾಕೋ ಹೆಸರಿನ ಅಂಕಿತವಾದ್ಯವನ್ನು ಹೊರತಂದಿತು. ಅದರಲ್ಲಿ ಎರಡು ಬಗೆ. ಒಂದು, ಮೆಟ್ಟಿಲಿಲ್ಲದ, ಲೇಪ ಬಳಿದ ಹೊಸ ವಾದ್ಯ. ಇದರಲ್ಲಿ ನನಗೆ ದೋಷ ಕಾಣದು. ಅವನು ಕಂಡುಕೊಂಡ ನಾದದ ದಾರಿಯನ್ನು ಇತರರಿಗೆ ತೆರೆದದ್ದು. ಇನ್ನೊಂದು ಬಗೆಯದರಲ್ಲಿ ಅವನ ವಾದ್ಯದ ಗಾಯಗಳನ್ನೂ ನಕಲು ಮಾಡಿದ್ದರು: ಬಣ್ಣ ಕಿತ್ತುಹೋದದ್ದು, ಮರ ಸವೆದದ್ದು, ಎಲ್ಲವೂ ಹೊಸ ಮರದ ಮೇಲೆ ಕೈಯಾರೆ ಮಾಡಿದ ಹಳತನ.

ಇಲ್ಲಿ ನನ್ನ ಮನಸ್ಸು ತಡೆಯುತ್ತದೆ. ಕಿತ್ತ ಬಣ್ಣದಿಂದ ನಾದಕ್ಕೆ ಏನೂ ಸೇರದು. ಆ ಗಾಯಗಳು ಒಬ್ಬ ಮನುಷ್ಯನ ಹಗಲಿರುಳುಗಳು. ಅವನ ಬೆವರಿನ, ಕೋಪದ, ಅಲೆದಾಟದ ಗುರುತುಗಳು. ಅವನ್ನು ಬೆಲೆ ಕೊಟ್ಟು ಕೊಳ್ಳುವವನು ಕೊಳ್ಳುತ್ತಿರುವುದು ಏನನ್ನು? ಭಕ್ತಿಯೆನ್ನುವವರಿದ್ದಾರೆ. ದೊಡ್ಡವರ ಪಾದುಕೆಯನ್ನು ಪೂಜಿಸುವ ನಾಡಿನವನು ನಾನು. ಭಕ್ತಿಯನ್ನು ಹಗುರವಾಗಿ ಕಾಣಲಾರೆ. ಆದರೆ ಪಾದುಕೆಯನ್ನು ಪೂಜಿಸುವವನು ಅದು ಆ ಪಾದ ಮೆಟ್ಟಿದ್ದೆಂದು ನಂಬಿ ಪೂಜಿಸುತ್ತಾನೆ. ಸವೆದಂತೆ ಕಾಣುವ ಹೊಸ ಪಾದುಕೆಯನ್ನು ಮಾಡಿಸಿ ಪೂಜಿಸಿದರೆ ಪೂಜೆ ಯಾರಿಗೆ? ಜಾಕೋ ಬದುಕಿದ್ದರೆ ಏನೆನ್ನುತ್ತಿದ್ದನೋ. ನಕ್ಕು ಒಪ್ಪಿಯೂ ಒಪ್ಪುತ್ತಿದ್ದ. ಎತ್ತಿ ಎಸೆದೂ ಎಸೆಯುತ್ತಿದ್ದ. ಕೇಳುವ ದಾರಿ ಮುಚ್ಚಿದೆ. ಸಾಕ್ಷಿಯನ್ನು ಕರೆಯಲಾಗದ ನ್ಯಾಯಸ್ಥಾನದಲ್ಲಿ ಸಾಕ್ಷಿಯ ರುಜುವನ್ನು ಮಾತ್ರ ತೋರಿಸುತ್ತಿದ್ದಾರೆ. ನಿಜವಾದ ವಾದ್ಯ ಇಪ್ಪತ್ತು ವರ್ಷ ಕಳೆದ ಮೇಲೆ ನ್ಯೂಯಾರ್ಕಿನಲ್ಲಿಯೇ ಪತ್ತೆಯಾಯಿತು. ಒಡೆತನದ ವ್ಯಾಜ್ಯ ಎದ್ದಿತು. 2010ರಲ್ಲಿ ಮೆಟಾಲಿಕಾ ತಂಡದ ಬೇಸ್ ವಾದಕ ರಾಬರ್ಟ್ ಟ್ರುಹಿಯೋ ಹಣ ಕೊಟ್ಟು ಅದನ್ನು ಬಿಡಿಸಿ, ಜಾಕೋನ ಮಕ್ಕಳ ಕೈಗೆ ಎಟಕುವಂತೆ ಮಾಡಿದ. ಆ ಕೆಲಸಕ್ಕೆ ಯಾರ ರುಜುವೂ ಬೇಕಾಗಲಿಲ್ಲ.

ನಮ್ಮ ವಚನಕಾರರು ಈ ತೊಡಕಿನಿಂದ ಹೇಗೆ ಪಾರಾದರೆಂದು ಹಲವು ಸಲ ಯೋಚಿಸಿದ್ದೇನೆ. ಬಸವಣ್ಣನವರ ವಚನದ ಕೊನೆಯಲ್ಲಿ ಬಸವಣ್ಣನ ಹೆಸರಿಲ್ಲ, ಕೂಡಲಸಂಗಮದೇವನದಿದೆ. ಅಕ್ಕನದರಲ್ಲಿ ಚೆನ್ನಮಲ್ಲಿಕಾರ್ಜುನ. ಮಾಡಿದವರು ತಮ್ಮ ಹೆಸರನ್ನು ಹಿಂದಕ್ಕೆ ಸರಿಸಿ, ಯಾರ ಎದುರಿಗೆ ಸುಳ್ಳು ಹೇಳಲಾಗದೋ ಅವನ ಹೆಸರನ್ನು ಸಾಕ್ಷಿಗೆ ನಿಲ್ಲಿಸಿದರು. ಆ ಸಾಕ್ಷಿಯನ್ನು ಕೊಳ್ಳುವಂತಿಲ್ಲ. ಆದರೆ ಅಂಬಿಗರ ಚೌಡಯ್ಯ ಇದಕ್ಕೂ ಒಗ್ಗಲಿಲ್ಲ. ಅವನ ಅಂಕಿತ ಅವನದೇ ಹೆಸರು, ಅದೂ ಕಸುಬಿನೊಡನೆ: ಅಂಬಿಗ ಚೌಡಯ್ಯ. ವಿದ್ಯಾರ್ಥಿಗಳು ಇದನ್ನು ಅಹಂಕಾರವೆನ್ನುತ್ತಾರೆ. ನಾನು ಹಾಗೆ ಓದುವುದಿಲ್ಲ. ಹುಟ್ಟು ಹಾಕುವ ಕೈಯೇ ತನಗೆ ಸಾಕಾದ ಸಾಕ್ಷಿಯೆಂದು ಅವನು ಬಗೆದಿರಬೇಕು. ಬೇಲೂರಿನ ದಾಸೋಜನಿಗೆ ಅವನು ಸಮೀಪದವನು.

ಈ ಲೆಕ್ಕದಲ್ಲಿ ಇನ್ನೊಬ್ಬರು ಉಳಿದಿದ್ದಾರೆ. ಅವರಿಗೆ ಹೆಸರೇ ಇಲ್ಲ. ಗಿಟಾರುಗಳ ಬೆರಳಾಡುವ ಹಲಗೆಗೆ ಬಹುಕಾಲದಿಂದ ಬೀಟೆಮರ ಮೆಚ್ಚು. ಬ್ರೆಜಿಲಿನ ಬೀಟೆ ಅಳಿವಿನ ಅಂಚಿಗೆ ಬಂದು 1992ರಲ್ಲಿ ಅದರ ಅಂತರರಾಷ್ಟ್ರೀಯ ವ್ಯಾಪಾರವೇ ನಿಂತಿತು. ಅದಕ್ಕೂ ಮೊದಲಿನಿಂದ ಆ ಭಾರ ನಮ್ಮ ಪಶ್ಚಿಮಘಟ್ಟಗಳಲ್ಲಿ ಬೆಳೆಯುವ ಬೀಟೆಯ ಮೇಲೆ ಬಿದ್ದಿತ್ತು. 2017ರಲ್ಲಿ ಅದಕ್ಕೂ ನಿರ್ಬಂಧ ಬಂತು. 2019ರಲ್ಲಿ ಸಿದ್ಧವಾದ ವಾದ್ಯಗಳಿಗೆ ಸಡಿಲಿಸಿದರು. ಯಾವ ಅಂಕಿತವಾದ್ಯದ ಮೇಲೂ ಕಾಡಿನ ಅಂಕಿತವನ್ನು ನಾನು ಕಂಡಿಲ್ಲ.

ಚೌಡಯ್ಯನೆಂದ ಮೇಲೆ ಇನ್ನೊಬ್ಬ ಚೌಡಯ್ಯನವರನ್ನು ಬಿಡಲಾದೀತೆ? ಮೈಸೂರಿನ ಟಿ. ಚೌಡಯ್ಯನವರಿಗೂ ಜಾಕ್ಸನ್ನನಂಥದೇ ಹಟ ಹಿಡಿದಿತ್ತು, ಅವನು ಹುಟ್ಟುವುದಕ್ಕೆ ಎಷ್ಟೋ ಮೊದಲು. ಧ್ವನಿವರ್ಧಕವಿಲ್ಲದ ದಿನಗಳು, ದೊಡ್ಡ ಸಭೆಯ ಹಿಂದಿನ ಸಾಲಿಗೆ ಪಿಟೀಲಿನ ನಾದ ಮುಟ್ಟುತ್ತಿರಲಿಲ್ಲ. ಅವರು ತಂತಿಗಳಿಗೆ ಜೊತೆತಂತಿ ಕೂಡಿಸಿ ನಾಲ್ಕನ್ನು ಏಳು ಮಾಡಿದರು. ಬಿರಡೆ ಹೆಚ್ಚಿತು, ಕುದುರೆಯ ಮೇಲೆ ಭಾರ ಹೆಚ್ಚಿತು, ಕಮಾನಿಗೆ ಕೆಲಸ ಹೆಚ್ಚಿತು. ನಾದ ಹಿಂದಿನ ಸಾಲಿಗೆ ಮುಟ್ಟಿತು. ಅದರ ಮೇಲೆ ತಮ್ಮ ರುಜು ಹಾಕಿಸಿ ಮಾರುವ ಯೋಚನೆ ಅವರಿಗೆ ಬಂದಂತಿಲ್ಲ. 1967ರಲ್ಲಿ ಅವರು ತೀರಿಕೊಂಡ ಮೇಲೆ ಆ ಏಳು ತಂತಿಯ ಪಿಟೀಲನ್ನು ಕೈಗೆತ್ತಿಕೊಂಡವರು ವಿರಳ. ಬೆಂಗಳೂರಿನಲ್ಲಿ 1980ರಲ್ಲಿ ಅವರ ನೆನಪಿಗೆ ಸಭಾಂಗಣ ಎದ್ದಿತು. ಆ ಕಟ್ಟಡದ ಆಕಾರವೇ ಏಳು ತಂತಿಯ ಪಿಟೀಲಿನದು, ಬಿರಡೆ ಕುದುರೆ ಕಮಾನುಗಳ ಸಮೇತ. ಕಲ್ಲುಗಾರೆಯ ಆ ಪಿಟೀಲನ್ನು ದಿನವೂ ಎಷ್ಟೋ ಜನ ಬಸ್ಸಿನ ಕಿಟಕಿಯಿಂದ ನೋಡುತ್ತ ಹೋಗುತ್ತಾರೆ. ಮರದ ಪಿಟೀಲನ್ನು ಎದುರಿಗೆ ಕುಳಿತು ಕೇಳಿದವರು ಈಗ ಬೆರಳೆಣಿಕೆಯಷ್ಟು ಮಂದಿ. ಅವರೆಲ್ಲ ತುಂಬ ವಯಸ್ಸಾದವರು.